ಕಾಲಿಗೆ ನೀರು

ಹುಲುಗಮ್ಮ ಏನನ್ನೂ ಹಿಡಿಯದೆ ಕುಕ್ಕರಗಾಲಲ್ಲಿ ಕೂತು, ಏನನ್ನೂ ಹಿಡಿಯದೆ ಎದ್ದಳು. ಹನ್ನೊಂದು ವರ್ಷದ ಮಂಡಿನೋವನ್ನು ದಾವಣಗೆರೆಯ ಡಾಕ್ಟರು ಎರಡು ಸಣ್ಣ ತೂತು ಹಾಕಿ, ಒಳಗೆ ಕ್ಯಾಮೆರಾ ಇಳಿಸಿ ಸರಿಮಾಡಿದ್ದರು. “ನೋಡ್ರಿ ಬೀಗರ, ಹೊಲಿಗಿನೂ ಎರಡ!” ಎಂದು ಸೀರೆ ಸರಿಸಿ ತೋರಿಸಿದಳು.

ಮಗಳು ರೇಖಾಳ ಅತ್ತೆ ಕೆಂಚಮ್ಮ ಸೊಸೆಯನ್ನು ಕರೆದುಕೊಂಡು, ಮೋಸಂಬಿ ಹಿಡಿದು ಹರಪನಹಳ್ಳಿಯಿಂದ ಕೊಟ್ಟೂರಿಗೆ ನೋಡಲು ಬಂದಿದ್ದಳು. ಮಂಚದ ಮೇಲಿಂದಲೇ, “ಇನ್ನೊಮ್ಮಿ ಕುಂತು ತೋರ್ಸ್ರಿ” ಎಂದಳು. ಹುಲುಗಮ್ಮ ನಗುತ್ತ ಮತ್ತೆ ಕೂತಳು.

“ಹಂಗ ಇರ್ರಿ.” ಕೆಂಚಮ್ಮ ಎರಡೂ ಪಾದಗಳನ್ನು ಅವಳ ಮುಂದೆ ಚಾಚಿದಳು. “ಲಗ್ನದಾಗ ಮಂಡಿ ಮಡಚಾಕ ಬರಂಗಿಲ್ಲ ಅಂತ ನನ್ನ ಕಾಲು ನಿಮ್ಮ ತಂಗಿ ಕಡಿಂದ ತೊಳಿಸಿದ್ರಿ. ಮಂದಿ ಮುಂದ ಸುಮ್ಮನಿದ್ದೆ. ಈಗ ಬರ್ತೈತಲ್ಲ?”

ಹುಲುಗಮ್ಮನ ನಗು ಮುಖದಲ್ಲೇ ಉಳಿದಿತ್ತು. ಹಾಗೇ ಮಗಳ ಕಡೆ ತಿರುಗಿದಳು. ರೇಖಾ ಎದ್ದು ಒಳಗೆ ಹೋಗಿ, ಒಂದು ಚೊಂಬು ನೀರು, ಪಾದದ ಕೆಳಗೆ ಇಡಲು ಅಗಲವಾದ ಪರಾತ ತಂದು ತಾಯಿಯ ಮುಂದಿಟ್ಟಳು.

“ಲಗೂನ ತೊಳಿಯವ್ವಾ,” ಎಂದಳು. “ನಮಗ ಐದರ ಬಸ್ಸು ಐತಿ.”