ಹುರುಪೆಯ ಹೂವು

ತಂಗಿ ಸ್ನಾನಕ್ಕೆ ಹೋಗುವುದನ್ನೇ ಕಾಯುತ್ತಿದ್ದ ಅಕ್ಕ ಮೂಗಿಗೆ ಬಟ್ಟೆ ಕಟ್ಟಿಕೊಂಡು ತಟ್ಟೆಗಳನ್ನು ಎತ್ತಿದಳು.

ತಟ್ಟೆಗಳಲ್ಲಿದ್ದದ್ದು ಮೀನಿನ ಹುರುಪೆ. ಮಾರುಕಟ್ಟೆಯಲ್ಲಿ ಮೀನು ಹೆರೆಯುವಾಗ ಹಾರಿಬಿದ್ದು ಕಾಲಿಗೆ ಅಂಟುವ ಕಸ. ತಂಗಿ ಅದನ್ನು ಚೀಲಗಟ್ಟಲೆ ಬೇಡಿ ತಂದು, ಏಳು ನೀರಿನಲ್ಲಿ ತೊಳೆದು, ಬಿಸಿಲಿಗೆ ಹಾಕಿ, ಬಣ್ಣ ಕೊಟ್ಟು, ಒಂದೊಂದೇ ಎಸಳಾಗಿ ತಂತಿಗೆ ಪೋಣಿಸುತ್ತಿದ್ದಳು. ಹೂವಂತೆ ಹೂವು! ನೋಡಿದರೇ ಅಕ್ಕನಿಗೆ ನಾತ ಬಡಿದಂತಾಗುತ್ತಿತ್ತು.

ಅಕ್ಕನದು ಕಾಗದದ ಹೂವು, ಇಪ್ಪತ್ತು ವರ್ಷ ಪಳಗಿದ ಕೈ. ಅಂಟು ಕೂಡ ಅಮ್ಮ ಹೇಳಿಕೊಟ್ಟದ್ದೇ. ಹಿಟ್ಟು ಕುದಿಸಿ, ಮಡಕೆ ತೊಳೆಯದೆ, ಹಳೆಯದರ ಮೇಲೆಯೇ ಹೊಸದನ್ನು ಸುರಿಯಬೇಕು. ಆಗಲೇ ಹಿಡಿತ.

ಹೋದ ವಾರ ಉಡುಗೊರೆ ಅಂಗಡಿಯಾಕೆ ಬಂದಿದ್ದಳು. ಕೋಣೆಯ ಬಾಗಿಲಲ್ಲೇ ನಿಂತು, ಕರವಸ್ತ್ರ ಮೂಗಿಗೆ ಹಿಡಿದು ಎರಡೂ ಮೇಜು ನೋಡಿದಳು. ಎರಡು ಬಗೆಯಲ್ಲೂ ಒಂದೊಂದು ಹೂವು ಒಯ್ದಳು. ಮರುದಿನ ಅವಳ ಫೋನ್ ಬಂತು.

“ಇರೋದು ಒಂದೇ ಶೆಲ್ಫು. ವರ್ಷಪೂರ್ತಿ ಒಂದೇ ಥರದ ಹೂವು ಇಡ್ತೀನಿ. ಯಾವುದು ಅಂತ ನೀವೇ ತೀರ್ಮಾನ ಮಾಡಿ. ನಾತ ಹೊಡೆಯೋದು ಮಾತ್ರ ಬೇಡ.”

ಅಕ್ಕ ಫೋನ್ ಇಟ್ಟು ತಂಗಿಯ ಕಡೆ ತಿರುಗಿದಳು. “ಕೇಳಿಸ್ತಾ? ನಿನ್ನ ಮೂಗೇನು ಸತ್ತುಹೋಗಿದೆಯಾ? ವಾಸನೆ ಗೊತ್ತೇ ಆಗಲ್ವಾ?”

“ಗೊತ್ತಾಗುತ್ತೆ ಅಕ್ಕ. ಅಭ್ಯಾಸ ಆಗಿದೆ.”

“ಹೆತ್ತೋರಿಗೆ ಹೆಗ್ಗಣ ಮುದ್ದು.”

“ಅದೂ ನಿಜ,” ಎಂದು ತಂಗಿ ಎದ್ದು ಕಿಟಕಿ ತೆರೆದಳು.

ಆಮೇಲೊಂದು ದಿನ ಪಕ್ಕದ ಮನೆಯ ಬೆಕ್ಕು ಬಂದು, ಹುರುಪೆಯ ತಟ್ಟೆಯನ್ನು ಮೂಸಿ, ಅಲ್ಲೇನೂ ಇಲ್ಲವೆಂಬಂತೆ ಹೊರಟುಹೋಯಿತು. ಬೆಕ್ಕಿಗೇ ಅಸಹ್ಯವಾದ ಮೇಲೆ ಇನ್ನೇನು ಉಳಿಯಿತು ಎಂದುಕೊಂಡಳು ಅಕ್ಕ. ತೀರ್ಮಾನವಾದದ್ದು ಆಗಲೇ.

ಈಗ ತಟ್ಟೆ ಹಿಡಿದು ಹೊರಬಂದಾಗ ಬೀದಿಯಲ್ಲಿ ಕಸದ ಗಾಡಿ ನಿಂತಿತ್ತು. ಹುರುಪೆ, ತಂತಿ, ತಂಗಿ ಮೂರು ತಿಂಗಳು ಕೂತು ಮಾಡಿದ್ದ ನೂರಿಪ್ಪತ್ತು ಹೂವು, ಎಲ್ಲವೂ ಅದಕ್ಕೆ ಬಿದ್ದವು. ಗಾಡಿಯವನು ಒಂದು ಹೂವನ್ನು ಹೆಕ್ಕಿ, ಮೂಗಿನ ಹತ್ತಿರ ಹಿಡಿದು ನೋಡಿ, ಜೇಬಿಗೆ ಸಿಕ್ಕಿಸಿಕೊಂಡ. ಥೂ, ಎಂಥೆಂಥವರು ಇರುತ್ತಾರೆ.

ತಂಗಿ ಬಂದು ಖಾಲಿ ಮೇಜನ್ನು ನೋಡಿದಳು.

“ಇಬ್ಬರ ಒಳ್ಳೇದಕ್ಕೇ ಮಾಡಿದ್ದು,” ಎಂದಳು ಅಕ್ಕ.

ತಂಗಿ ಒದ್ದೆ ಕೂದಲು ಒರೆಸಿಕೊಳ್ಳುವುದನ್ನೂ ಮರೆತು ಕೂತಳು. ಅಕ್ಕನಿಗೆ ಒಂದು ಗಳಿಗೆ ಕರುಳು ಚುರುಕ್ಕೆಂದಿತು. ಆದರೂ ನೆಲವನ್ನು ಎರಡು ಸಲ ಒರೆಸಿ, ತನ್ನ ಹೂವುಗಳನ್ನು ಎರಡೂ ಮೇಜಿನ ತುಂಬ ಹರಡಿದಳು.

ಹನ್ನೊಂದು ಗಂಟೆಗೆ ಅಂಗಡಿಯಾಕೆ ಹೂವು ಒಯ್ಯಲು ಬಂದಳು. ಬಾಗಿಲಲ್ಲೇ ನಿಂತು, ಕರವಸ್ತ್ರವನ್ನು ಮೂಗಿಗೆ ಒತ್ತಿ ಹಿಡಿದಳು.

“ಇದನ್ನೇ ಅಲ್ವೇನ್ರೀ ಬೇಡ ಅಂದಿದ್ದು? ಅದ್ಯಾವ ಅಂಟು ಹಾಕ್ತೀರೋ, ಅಂಗಡಿಯೆಲ್ಲ ಕೊಳೆತ ನಾತ. ಆ ಮೀನಿನ ಹೂವು ಎಲ್ಲಿ?”