ಮಧ್ಯಾಹ್ನಕ್ಕೊಂದೇ ಗಾಡಿ

ಕಲ್ಲಿದ್ದಲ ಹೊಗೆಯ ವಾಸನೆ ಬಂದರೆ ಈಗಲೂ ಮೆಣಸಗಿ ಕಡೆಯ ಆ ಸಣ್ಣ ಸ್ಟೇಷನ್ ನೆನಪಾಗುತ್ತದೆ.

ವಿಧವೆಯಾಗಿ ತವರಿಗೆ ಬಂದಿದ್ದ ನನ್ನ ಸೋದರತ್ತೆ ಮರುದಿನ ಗದಗಿನಲ್ಲಿ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಗೆ ಕೂರಬೇಕಿತ್ತು. ಮುಂಜಾನೆಯ ಗಾಡಿ ತಪ್ಪಲೆಂದೇ ಅಜ್ಜ ಅವಳನ್ನು ಕೋಣೆಯಲ್ಲಿ ಕೂಡಿಹಾಕಿದ್ದರು. ಅವರು ಹೊಲಕ್ಕೆ ಹೋದಮೇಲೆ ನಾನೇ ಚಿಲಕ ತೆಗೆದೆ. ಮಧ್ಯಾಹ್ನಕ್ಕಿದ್ದದ್ದು ಒಂದೇ ಗಾಡಿ, ಅದೂ ತಡ. ನಾವಿಬ್ಬರೂ ಸ್ಟೇಷನ್ನಿನ ಕಾದ ಕಲ್ಲುಬೆಂಚಿನ ಮೇಲೆ ಕುಳಿತಿದ್ದಾಗ ಅಜ್ಜ ಬಂದೇಬಿಟ್ಟರು.

"ಗಾಡಿ ಬರೂದಿಲ್ಲ. ಸುಮ್ನ ಮನಿಗೆ ನಡಿ."

"ಬರಲಿಲ್ಲಂದ್ರ ಹಳಿ ಹಿಡದ ನಡಕೋತ ಹೋಗ್ತೀನ್ರಿ ಅಪ್ಪಾ."

ಅಜ್ಜ ಅವಳ ಪುಸ್ತಕದ ಗಂಟನ್ನು ಕಿತ್ತುಕೊಂಡರು. ಅಷ್ಟರಲ್ಲಿ ಗಾಡಿ ಬಂತು. ಅತ್ತೆ ಬರಿಗೈಲಿ ಹತ್ತಿ, ಕಿಟಕಿಯಿಂದ ಹೇಳಿದಳು: "ಪುಸ್ತಕ ನೀವ ಇಟಗೋರಿ. ಓದಿದ್ದು ನನ್ನ ತಲಿಯಾಗೈತಿ."

ಅಜ್ಜ ಗಂಟನ್ನು ಕಂಕುಳಲ್ಲಿಟ್ಟುಕೊಂಡು ಊರ ದಾರಿ ಹಿಡಿದರು. ಅವರ ಹಿಂದೆ ನಾನು ಬೇಕೆಂದೇ, ಅತ್ತೆ ಬಾಯಿಪಾಠ ಮಾಡಿಸಿದ್ದ ಹದಿಮೂರರ ಮಗ್ಗಿಯನ್ನು ಜೋರಾಗಿ ಹೇಳುತ್ತಾ ನಡೆದೆ.