ತಾರಸಿಗೊಂದು ಚಿಲಕ

ಕಿರಿ ಸೊಸೆ ಹಲಗೆಯೊಂದನ್ನು ಹೆಗಲಿಗೇರಿಸಿಕೊಂಡು ತಾರಸಿಯ ಮೆಟ್ಟಿಲು ಹತ್ತಹೊರಟಾಗ ಅತ್ತೆ ಅಡುಗೆಮನೆಯಿಂದ ಬಂದು ಅಡ್ಡ ನಿಂತರು. ಎಲ್ಲಿಗೆ ಈ ಮೆರವಣಿಗೆ ಎಂದು ಕೇಳಿದರು. ಇವತ್ತಿನಿಂದ ತಾನೂ ಗಂಡನೂ ತಾರಸಿಯಲ್ಲೇ ಮಲಗುವುದಾಗಿ ಸೊಸೆ ಹೇಳಿದಳು.

"ಈ ಚಳೀಲಿ ನಾಯಿ ಕೂಡ ಹೊರಗೆ ಮಲಗಲ್ಲ."

"ನಾಯಿಗೆ ಮದುವೆ ಆಗಿಲ್ಲ ಬಿಡಿ ಅತ್ತೆ."

ಪಾತ್ರೆ ಒರೆಸುತ್ತಿದ್ದ ಓರಗಿತ್ತಿ ನಗು ತಡೆಯಲು ಬಾಯಿಗೆ ಕೈ ಅಡ್ಡ ಹಿಡಿದಳು. ಅತ್ತೆಗೆ ಮಾತು ತೋಚುವಷ್ಟರಲ್ಲಿ ಹಲಗೆ ಅರ್ಧದಷ್ಟು ಮೆಟ್ಟಿಲು ದಾಟಿತ್ತು.

ಎರಡು ಕೋಣೆಯ ಮನೆ, ಮನೆ ತುಂಬ ಜನ. ಮದುವೆಯಾಗಿ ಬಂದಾಗಿನಿಂದ ಗಂಡ ಹೆಂಡತಿಯ ಹಾಸಿಗೆ ನಡುಮನೆಯಲ್ಲಿ, ಮಾವನ ಗೊರಕೆಗೂ ಓರಗಿತ್ತಿಯ ಮಕ್ಕಳ ಕಾಲುಗಳಿಗೂ ನಡುವೆ. ಪಿಸುಮಾತು ಆಡಿದರೂ ಬೆಳಿಗ್ಗೆ ಯಾರಾದರೊಬ್ಬರು ಅದಕ್ಕೆ ಉತ್ತರ ಕೊಡುತ್ತಿದ್ದರು. ಬೇಸಿಗೆಯಲ್ಲಿ ಇಡೀ ಸಂಸಾರ ಚಾಪೆ ಸುತ್ತಿಕೊಂಡು ತಾರಸಿಗೆ ಹತ್ತಿತು. ಚಳಿ ಬಿದ್ದೊಡನೆ ಎಲ್ಲರೂ ಇಳಿದು ಬಾಗಿಲು ಹಾಕಿಕೊಂಡರು. ಅವಳು ಕಾಯುತ್ತಿದ್ದುದೇ ಅದಕ್ಕೆ. ಗಂಡನಿಗೆ ಹೇಳಿದಾಗ ಅವನು "ಅಮ್ಮ ಏನಂತಾರೋ" ಎಂದು ತನ್ನ ಮಾಮೂಲಿ ರಾಗ ತೆಗೆದು, ಹಲಗೆ ಸಾಗಿಸುವ ದಿನ ಛಾಪಖಾನೆಯ ಕೆಲಸಕ್ಕೆ ಬೆಳಗಾಗುವ ಮೊದಲೇ ಹೊರಟುಬಿಟ್ಟಿದ್ದ.

ಅವಳು ಬಸ್ಸು, ಲಾರಿಗಳ ಸೀಟು ಹೊಲಿಯುವ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ನೀರಿನ ತೊಟ್ಟಿಯ ಗೋಡೆಗೂ ಮೆಟ್ಟಿಲ ಗೂಡಿನ ಗೋಡೆಗೂ ನಡುವೆ ಒಂದು ಮೂಲೆಯಿತ್ತು. ಗಾಳಿ ನುಗ್ಗುವ ಕಡೆಗೆ ಎರಡು ಪದರ ರೆಕ್ಸಿನ್ ಹೊಲಿದು, ನಡುವೆ ಸ್ಪಂಜಿನ ಚೂರು ತುಂಬಿ, ಹಾರದಂತೆ ಅಂಚಿನಲ್ಲಿ ಮರಳು ಕಟ್ಟಿ ಇಳಿಬಿಟ್ಟಳು. ಮೇಲೆ ತಗಡು, ಉಸಿರಿನ ಹಬೆ ಹನಿಯಾಗಿ ಮುಖಕ್ಕೆ ಬೀಳದಂತೆ ಅದರ ಕೆಳಗೆ ನಾಲ್ಕು ಬೆರಳು ಸಂದು. ನೆಲದ ತಂಡಿ ಏರದಿರಲೆಂದು ಇಟ್ಟಿಗೆ, ಇಟ್ಟಿಗೆಯ ಮೇಲೆ ಹಲಗೆ, ಅದರ ಮೇಲೆ ಗೋಣಿ, ಕೊನೆಗೆ ಹಳೇ ಬಸ್ಸಿನ ಸೀಟಿನ ಮೆತ್ತೆ. ಸಂಜೆ ಗಂಡ ಬಂದು ಕಳ್ಳನಂತೆ ಕೈ ಮಾತ್ರ ಒಳಗಿಟ್ಟು ನೋಡಿ, "ಬೆಚ್ಚಗಿದೆ ಕಣೇ" ಎಂದ.

ಅತ್ತೆ ಅಷ್ಟಕ್ಕೆ ಸೋಲುವವರಲ್ಲ. ಕಂಬಳಿ ಏನಿದ್ದರೂ ಮನೆಯೊಳಗೆ ಮಲಗುವವರಿಗೆ ಎಂದು ಪೆಟ್ಟಿಗೆಗೆ ಬೀಗ ಜಡಿದರು. ಸೊಸೆ ಅವರ ಕಣ್ಣೆದುರೇ ಒಲೆಯಲ್ಲಿ ಎರಡು ಇಟ್ಟಿಗೆ ಕಾಯಿಸಿ, ಗೋಣಿಯಲ್ಲಿ ಸುತ್ತಿ, ಎಳೆಗೂಸನ್ನು ಎತ್ತಿಕೊಂಡಂತೆ ಎತ್ತಿಕೊಂಡು ಮೇಲೆ ಹೋದಳು. ಇಂದಲ್ಲ ನಾಳೆ ನೆಗಡಿ ಹಿಡಿದು ತಾನಾಗೇ ಇಳಿಯುತ್ತಾಳೆಂದು ಅತ್ತೆ ಕಾದರು. ಒಂದು ಬೆಳಿಗ್ಗೆ ನಲ್ಲಿಯ ಹತ್ತಿರ ಅವಳಿಗೆ ನಿಜಕ್ಕೂ ಸೀನು ಬಂತು. ಟವೆಲ್ಲನ್ನು ಬಾಯಿಗೆ ತುರುಕಿ ನುಂಗಿಕೊಂಡಳು. ಕಣ್ಣಲ್ಲಿ ನೀರು ಬಂದರೂ ಸದ್ದು ಹೊರಗೆ ಬಿಡಲಿಲ್ಲ.

ಕೊನೆಗೆ ರಜಾದಿನ ಅತ್ತೆ ತಾವೇ ಮೇಲೆ ಹತ್ತಿದರು. ಗುಜರಿಗೆ ಹೋಗಬೇಕಿದ್ದ ಒಂದು ಬಾಗಿಲನ್ನು ಸೊಸೆ ಆ ಮೂಲೆಗೆ ಕೂರಿಸುತ್ತಿದ್ದಳು. ಗಂಡ ಮೊಳೆ ಹಿಡಿದು ನಿಂತಿದ್ದ. ಅತ್ತೆಯ ಕಣ್ಣು ನೇರವಾಗಿ ಬಾಗಿಲ ಒಳಮೈಗೆ ಹೋಯಿತು.

"ಚಿಲಕ ಯಾಕೆ? ಬೀದಿ ಬಾಗಿಲು ಬಿಟ್ರೆ ಈ ಮನೇಲಿ ಯಾವ ಬಾಗಿಲಿಗೂ ಚಿಲಕ ಇಲ್ಲ. ನಾನೂ ಹಾಗೇ ಸಂಸಾರ ಮಾಡಿದ್ದು."

"ಅದಕ್ಕೇ ಹಾಕ್ತಿದ್ದೀನಿ ಅತ್ತೆ."

ಇಷ್ಟು ಬೆಚ್ಚಗಿದ್ದ ಮೇಲೆ ನಾಳೆಯಿಂದ ಮಕ್ಕಳೂ ಇಲ್ಲೇ ಮಲಗಲಿ ಎಂದರು ಅತ್ತೆ. ಬೇಸಿಗೆ ಬರಲಿ, ಧಾರಾಳವಾಗಿ ಮಲಗಲಿ ಎಂದಳು ಸೊಸೆ. ಅತ್ತೆಯ ದನಿ ಏರಿತು. ಚಿಲಕ ಈಗಲೇ ಕೀಳಬೇಕು ಎಂದರು.

"ಕೀಳಲ್ಲ. ಚಿಲಕ ಹೋದ್ರೆ ಅದರ ಹಿಂದೇನೇ ನಾನೂ ಹೋಗ್ತೀನಿ. ಅಂಗಡಿ ಹತ್ರ ಬಾಡಿಗೆಗೆ ಒಂದು ರೂಮು ನೋಡಿಟ್ಟಿದ್ದೀನಿ."

ಅತ್ತೆ ಮಗನ ಕಡೆ ತಿರುಗಿದರು. ಅವನು ಕೈಯಲ್ಲಿದ್ದ ಮೊಳೆಗಳನ್ನೇ ನೋಡುತ್ತಿದ್ದ. ಗಂಟಲು ಸರಿಮಾಡಿಕೊಂಡು, ಹುಟ್ಟಿದಾಗಿನಿಂದ ಅಮ್ಮನೆದುರು ಎತ್ತದಿದ್ದ ದನಿಯಲ್ಲಿ "ನಾನೂ" ಎಂದ.

ಅತ್ತೆ ಬಗ್ಗಿ ಒಳಗೆ ಹೋಗಿ ಮೆತ್ತೆಯ ಮೇಲೆ ಕೂತರು. ರೆಕ್ಸಿನ್ ಗೋಡೆಗೆ ಅಂಗೈ ಊರಿ ನೋಡಿದರು. ಎದ್ದು ಬರುವಾಗ ಚಿಲಕವನ್ನು ಒಮ್ಮೆ ಸರಿಸಿದರು, ಹಿಂದಕ್ಕೆಳೆದರು, ಮತ್ತೆ ಸರಿಸಿದರು. ಬಿಗಿಯಾಯ್ತು, ಸ್ವಲ್ಪ ಎಣ್ಣೆ ಹಾಕು ಎಂದಷ್ಟೇ ಹೇಳಿ ಇಳಿದು ಹೋದರು.

ಮುಂದಿನ ವಾರ ಚಳಿ ಇನ್ನೂ ಬಲಿಯಿತು. ಒಂದು ಮಧ್ಯಾಹ್ನ ಅಂಗಡಿಯಲ್ಲಿ ಕೆಲಸವಿಲ್ಲದೆ ಸೊಸೆ ಬೇಗ ಮನೆಗೆ ಬಂದಾಗ ಅಲ್ಲಿ ಗಲಾಟೆಯೋ ಗಲಾಟೆ. ಅತ್ತೆ ಕಾಣುತ್ತಿಲ್ಲ. ಪಕ್ಕದ ಮನೆಯಲ್ಲಿಲ್ಲ, ಅಂಗಡಿ ಬೀದಿಯಲ್ಲೂ ಇಲ್ಲ. ಓರಗಿತ್ತಿ ಕೈಗೂಸನ್ನು ಸೊಂಟಕ್ಕೇರಿಸಿಕೊಂಡು ಬಾಗಿಲಿಗೂ ಬೀದಿಗೂ ಓಡಾಡುತ್ತಿದ್ದಳು. ಸೊಸೆ ನೇರವಾಗಿ ಮೆಟ್ಟಿಲು ಹತ್ತಿದಳು. ಅವಳ ಹಿಂದೆ ಏದುಸಿರು ಬಿಡುತ್ತ ಮಾವ.

ಮೂಲೆಯ ಬಾಗಿಲು ಮುಚ್ಚಿತ್ತು. ಮಾವ ತಟ್ಟಿದರು. ಇನ್ನೂ ಜೋರಾಗಿ ತಟ್ಟಿ, "ಲೇ, ಒಳಗಿದ್ದೀಯಾ? ಚಹಾ ಹೊತ್ತಾಯ್ತು" ಎಂದರು.

ಚಿಲಕ ಅಲುಗಲಿಲ್ಲ. ಮೆತ್ತೆಯ ಮೇಲೆ ಯಾರೋ ಮಗ್ಗುಲು ಬದಲಿಸಿದ ಸದ್ದು. ಆಮೇಲೆ ನಿದ್ದೆಯಲ್ಲಿ ನೆನೆದ ದನಿ:

"ಒಲೆ ಕೆಳಗಿದೆ."